ತಿಳವಳ್ಳಿಯ ನಡುಹಗಲು, ಸರಿದುಹೋದ ಸಂಕ್ರಾಂತಿ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ತಿಳವಳ್ಳಿಯಲ್ಲಿ ಮಧ್ಯಾಹ್ನವಾಗುವುದು ಎಷ್ಟು ಗಂಟೆಗೆ? ಪ್ರಶ್ನೆ ವಿಚಿತ್ರವೆನಿಸಬಹುದು. ಎಲ್ಲ ಊರುಗಳಲ್ಲಿ ಆಗುವಂತೆ ಹನ್ನೆರಡಕ್ಕೆ ಎಂಬುದು ಥಟ್ಟನೆ ಬರುವ ಉತ್ತರ. ಆದರೆ ಊರಿನ ಯಾವುದಾದರೂ ಸಮತಟ್ಟಾದ ಬಯಲಿನಲ್ಲಿ ಒಂದು ಕೋಲನ್ನು ನೆಟ್ಟಗೆ ನೆಟ್ಟು ಅದರ ನೆರಳನ್ನು ಗಮನಿಸಿದರೆ ಬೇರೆಯೇ ಉತ್ತರ ಸಿಗುತ್ತದೆ. ಗಡಿಯಾರ ಹನ್ನೆರಡು ಹೊಡೆದಾಗ ನೆರಳು ಇನ್ನೂ ಗಿಡ್ಡವಾಗುತ್ತಲೇ ಇರುತ್ತದೆ. ಅದು ಅತ್ಯಂತ ಗಿಡ್ಡವಾಗಿ, ನೇರ ಉತ್ತರ-ದಕ್ಷಿಣವಾಗಿ ಬೀಳುವುದು ಸರಾಸರಿ ಹನ್ನೆರಡು ಗಂಟೆ 29 ನಿಮಿಷಕ್ಕೆ. ತಿಳವಳ್ಳಿಯ ನಿಜವಾದ ನಡುಹಗಲು ಅದು.

ಇಂಥ ಇನ್ನೂ ಎರಡು ವ್ಯತ್ಯಾಸಗಳಿವೆ. ಜನವರಿ 14 ಅಥವಾ 15ರಂದು ಕುಸುರೆಳ್ಳು ಹಂಚಿ ಉತ್ತರಾಯಣವನ್ನು ಸ್ವಾಗತಿಸುವ ಹೊತ್ತಿಗೆ, ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರ ಕಳೆದಿರುತ್ತದೆ. ರೈತರು ಲೆಕ್ಕವಿಡುವ ರೋಹಿಣಿ, ಮಿರಗ, ಆರಿದ್ರಾ ಮಳೆಗಳೂ ಹಾನಗಲ್ಲನ್ನು ಕದಂಬರು ಆಳುತ್ತಿದ್ದ ಕಾಲದಲ್ಲಿ ಇದ್ದ ಜಾಗದಲ್ಲಿ ಇಂದು ಇಲ್ಲ. ಇವುಗಳಲ್ಲಿ ಯಾವುದೂ ಗಡಿಯಾರದ ಕೆಡುಕಲ್ಲ, ಬಹುಮಟ್ಟಿಗೆ ಪಂಚಾಂಗದವರ ಅಜ್ಞಾನವೂ ಅಲ್ಲ. ಭೂಮಿಗೆ ಒಂದಲ್ಲ, ಹಲವು ಚಲನೆಗಳಿವೆ. ಒಂದೊಂದು ಗಣನೆಯೂ ಒಂದೊಂದು ಚಲನೆಯನ್ನು ಹಿಡಿದು ಹೊರಟಿದೆ. ಆದ್ದರಿಂದ ಅವು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಗಡಿಯಾರ ಯಾವ ಊರಿನದು?

ಭೂಮಿ ತನ್ನ ಅಕ್ಷದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತದೆ. ಸೂರ್ಯನ ಲೆಕ್ಕದಲ್ಲಿ 360 ಅಂಶಗಳ ಒಂದು ಸುತ್ತಿಗೆ 24 ಗಂಟೆ, ಅಂದರೆ ಒಂದು ಅಂಶಕ್ಕೆ 4 ನಿಮಿಷ. ಭಾರತದ ಗಡಿಯಾರಗಳೆಲ್ಲ ಪೂರ್ವ ರೇಖಾಂಶ 82½ ಅಂಶದ ಸೂರ್ಯನನ್ನು ಅನುಸರಿಸುತ್ತವೆ. ಆ ರೇಖೆ ಉತ್ತರಪ್ರದೇಶದ ಮಿರ್ಜಾಪುರ, ಆಂಧ್ರದ ಕಾಕಿನಾಡ ಇವುಗಳ ಬಳಿ ಹಾದುಹೋಗುತ್ತದೆ. ತಿಳವಳ್ಳಿ ಇರುವುದು ಸುಮಾರು 75¼ ಅಂಶದಲ್ಲಿ. ನಡುವೆ ಏಳೂಕಾಲು ಅಂಶದ ಅಂತರ. ಅದನ್ನು ನಾಲ್ಕರಿಂದ ಗುಣಿಸಿದರೆ 29 ನಿಮಿಷ. ಮಿರ್ಜಾಪುರದ ನೆತ್ತಿಯನ್ನು ದಾಟಿದ ಸೂರ್ಯ ತಿಳವಳ್ಳಿಯ ಮಧ್ಯಾಹ್ನ ರೇಖೆಗೆ ಬರಲು ಅಷ್ಟು ಹೊತ್ತು ಬೇಕು.

ಹಿಂದೆ ಊರೂರಿಗೂ ತನ್ನದೇ ಹೊತ್ತು ಇತ್ತು. ಮದ್ರಾಸಿನ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಮದ್ರಾಸಿನ ಸಮಯವನ್ನು ಖಚಿತವಾಗಿ ಗೊತ್ತುಪಡಿಸಿದ. ರೈಲು ಬಂದ ಮೇಲೆ ಒಂದೊಂದು ನಿಲ್ದಾಣಕ್ಕೆ ಒಂದೊಂದು ಹೊತ್ತು ಇಟ್ಟುಕೊಂಡರೆ ಗಾಡಿ ಓಡಿಸುವುದು ಅಸಾಧ್ಯವಾಯಿತು. ರೈಲುಗಳು ಮದ್ರಾಸ್ ಸಮಯವನ್ನು ಹಿಡಿದವು. ಮುಂಬಯಿ ನಗರ ಮಾತ್ರ ತನ್ನದೇ ಸಮಯವನ್ನು ಬಿಡಲಿಲ್ಲ. ಹಾನಗಲ್ಲ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಸೂರ್ಯನ ಲೆಕ್ಕದಲ್ಲಿ ತಿಳವಳ್ಳಿಯ ಹೊತ್ತು ಮುಂಬಯಿಗಿಂತ 10 ನಿಮಿಷ ಮುಂದೆ, ಮದ್ರಾಸಿಗಿಂತ 20 ನಿಮಿಷ ಹಿಂದೆ. ಕಚೇರಿಯ ಅಧಿಕಾರ ಒಂದು ಊರಿನದು, ರೈಲಿನ ಹೊತ್ತು ಇನ್ನೊಂದು ಊರಿನದು, ನೆತ್ತಿಯ ಸೂರ್ಯ ಮೂರನೆಯದನ್ನು ಹೇಳುವವನು!

1906ರ ಜನವರಿ 1ರಂದು ಭಾರತೀಯ ಕಾಲಮಾನ ಜಾರಿಗೆ ಬಂತು. ಮುಂಬಯಿಯಲ್ಲಿ ಹಳೆಯ ಸಮಯ ಆಮೇಲೂ ಸುಮಾರು ಅರ್ಧ ಶತಮಾನ ಬಳಕೆಯಲ್ಲಿ ಉಳಿಯಿತು. ಇಂದು ಗುಜರಾತಿನ ಪಶ್ಚಿಮ ತುದಿಯಿಂದ ಅರುಣಾಚಲದ ಪೂರ್ವ ತುದಿಯವರೆಗೆ ಗಡಿಯಾರ ಒಂದೇ. ಈ ಎರಡು ತುದಿಗಳ ಸೂರ್ಯೋದಯದ ನಡುವೆ ಮಾತ್ರ ಸುಮಾರು ಎರಡು ಗಂಟೆಗಳ ಅಂತರ.

ಕ್ಯಾಲೆಂಡರಿನ ಹಾಳೆಗಳಲ್ಲಿ ಅಚ್ಚಾಗುವ ರಾಹುಕಾಲದ ಪಟ್ಟಿಯನ್ನು ಈ ದೃಷ್ಟಿಯಿಂದ ನೋಡಬಹುದು. ಸೋಮವಾರ ಏಳೂವರೆಯಿಂದ ಒಂಬತ್ತು ಎಂಬ ಲೆಕ್ಕ, ಸೂರ್ಯ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂದು ಹಿಡಿದು ಮಾಡಿದ್ದು. ಜನವರಿಯಲ್ಲಿ ತಿಳವಳ್ಳಿಯ ಸೂರ್ಯೋದಯ ಏಳು ಗಂಟೆಯ ಆಸುಪಾಸಿನಲ್ಲಿ. ನಂಬಿಕೆ ಇರುವವರು ಕೂಡ ತಮ್ಮ ಊರಿನ ಸೂರ್ಯನನ್ನು ಬಿಟ್ಟು, ಎಂದೂ ಕಾಣದ ಒಂದು ಸರಾಸರಿ ಸೂರ್ಯನನ್ನು ನಂಬಿದಂತೆ ಆಗುತ್ತದೆ.

ಗಳಿಗೆ ಬಟ್ಟಲಿನ ಲೆಕ್ಕ

ಗಂಟೆ-ನಿಮಿಷಗಳು ಬರುವ ಮುನ್ನ ಇದ್ದದ್ದು ಗಳಿಗೆ. ಒಂದು ಹಗಲು ಮತ್ತು ಒಂದು ಇರುಳು ಸೇರಿ 60 ಗಳಿಗೆ. ಒಂದು ಗಳಿಗೆಗೆ 24 ನಿಮಿಷ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಮದುವೆಯ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುವ ಪದ್ಧತಿ ಗಡಿಯಾರ ಬಂದ ಮೇಲೂ ಅನೇಕ ಕಡೆ ಉಳಿದಿತ್ತು. ಎಣಿಕೆ ಶುರುವಾಗುತ್ತಿದ್ದುದು ಆ ಊರಿನ ಸೂರ್ಯೋದಯದಿಂದ, ನಡುರಾತ್ರಿಯಿಂದಲ್ಲ. ಪಂಚಾಂಗದಲ್ಲಿ ಉದಯಾದಿ ಗಳಿಗೆ ಎಂದು ಬರುವುದು ಇದನ್ನೇ.

ಈ ಅಳತೆಯಲ್ಲಿ ಭೂಮಿಯ ಚಲನೆ ಸುಲಭವಾಗಿ ಕಾಣುತ್ತದೆ. ಬಟ್ಟಲು ಒಮ್ಮೆ ಮುಳುಗುವಷ್ಟರಲ್ಲಿ ಭೂಮಿ 6 ಅಂಶ ತಿರುಗಿರುತ್ತದೆ. ಸಮಭಾಜಕದ ಮೇಲಿರುವ ನೆಲ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಸಾಗುತ್ತದೆ. ಹದಿನಾಲ್ಕೂವರೆ ಅಂಶ ಉತ್ತರಕ್ಕಿರುವ ತಿಳವಳ್ಳಿಯ ವೇಗ ತುಸು ಕಡಿಮೆ, 1,600 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಸೆಕೆಂಡಿಗೆ ಸುಮಾರು 450 ಮೀಟರ್. ಗಾಳಿ, ಕೆರೆ, ಗುಡಿ, ಮನೆ ಎಲ್ಲವೂ ಒಂದೇ ವೇಗದಲ್ಲಿ ಒಟ್ಟಿಗೆ ಸಾಗುವುದರಿಂದ ಯಾರಿಗೂ ಅದರ ಅರಿವಾಗುವುದಿಲ್ಲ. ಭೂಮಿ ತಿರುಗುವುದರಿಂದಲೇ ನಕ್ಷತ್ರಗಳು ಪಶ್ಚಿಮಕ್ಕೆ ಸರಿಯುವಂತೆ ತೋರುತ್ತವೆ ಎಂದು ಕ್ರಿ.ಶ. 499ರಲ್ಲಿಯೇ ಆರ್ಯಭಟ ಹೇಳಿದ್ದ. ದೋಣಿಯಲ್ಲಿ ಕುಳಿತವನಿಗೆ ದಡದ ಮರಗಳು ಹಿಂದಕ್ಕೆ ಓಡುವಂತೆ ಕಾಣುತ್ತದಲ್ಲವೇ? ಅವನು ಕೊಟ್ಟ ಹೋಲಿಕೆ ಅದೇ. ಆದರೆ ಬ್ರಹ್ಮಗುಪ್ತನಂಥ ಅನಂತರದ ದೊಡ್ಡ ಗಣಿತಜ್ಞರು ಆ ಮಾತನ್ನು ಒಪ್ಪಲಿಲ್ಲ.

ನಡುಹಗಲಿನ ಹೊತ್ತು ವರ್ಷವಿಡೀ ಒಂದೇ ಆಗಿರುವುದೂ ಇಲ್ಲ. ಭೂಮಿ ಸೂರ್ಯನ ಸುತ್ತ ಹೋಗುವ ದಾರಿ ಪೂರ್ಣ ವೃತ್ತವಲ್ಲ. ಜನವರಿಯ ಆರಂಭದಲ್ಲಿ ಅದು ಸೂರ್ಯನಿಗೆ ಅತ್ಯಂತ ಹತ್ತಿರವಿದ್ದು ವೇಗವಾಗಿಯೂ, ಜುಲೈ ಆರಂಭದಲ್ಲಿ ದೂರವಿದ್ದು ನಿಧಾನವಾಗಿಯೂ ಚಲಿಸುತ್ತದೆ. ಜೊತೆಗೆ ಅಕ್ಷದ ಓರೆ ಬೇರೆ. ಈ ಎರಡೂ ಕೂಡಿ, ಫೆಬ್ರವರಿ ನಡುವಿಗೆ ತಿಳವಳ್ಳಿಯ ನಡುಹಗಲು 12 ಗಂಟೆ 43 ನಿಮಿಷದವರೆಗೆ ಹಿಂದೆ ಬೀಳುತ್ತದೆ. ನವೆಂಬರ್ ಮೊದಲ ವಾರದಲ್ಲಿ 12 ಗಂಟೆ 13 ನಿಮಿಷಕ್ಕೇ ಆಗಿಬಿಡುತ್ತದೆ.

ದಕ್ಷಿಣಕ್ಕೆ ಬೀಳುವ ನೆರಳು

ಅದೇ ಕೋಲನ್ನು ವರ್ಷವಿಡೀ ಗಮನಿಸಿದರೆ ಭೂಮಿಯ ಎರಡನೆಯ ಚಲನೆ ಗೊತ್ತಾಗುತ್ತದೆ. ಭೂಮಿಯ ಅಕ್ಷ ಸುಮಾರು 23½ ಅಂಶ ಓರೆಯಾಗಿದೆ. ಆ ಓರೆಯನ್ನು ಉಳಿಸಿಕೊಂಡೇ ಅದು ಸೂರ್ಯನನ್ನು ಸುತ್ತುವುದರಿಂದ ಆರು ತಿಂಗಳು ಉತ್ತರಾರ್ಧ, ಆರು ತಿಂಗಳು ದಕ್ಷಿಣಾರ್ಧ ಸೂರ್ಯನತ್ತ ವಾಲಿರುತ್ತದೆ. ಡಿಸೆಂಬರ್ 21-22ರ ನಡುಹಗಲಿನಲ್ಲಿ ತಿಳವಳ್ಳಿಯ ಸೂರ್ಯ ನೆತ್ತಿಯಿಂದ 38 ಅಂಶ ದಕ್ಷಿಣಕ್ಕಿರುತ್ತಾನೆ. ನೆರಳು ಉತ್ತರಕ್ಕೆ ಉದ್ದವಾಗಿ ಬೀಳುತ್ತದೆ. ಆ ದಿನದಿಂದಾಚೆಗೆ ನಡುಹಗಲಿನ ನೆರಳು ದಿನೇ ದಿನೇ ಮೊಟಕಾಗುತ್ತದೆ. ಕಣ್ಣಿಗೆ ಕಾಣುವ ಉತ್ತರಾಯಣ ಇದೇ.

ಏಪ್ರಿಲ್ ಕೊನೆಯಲ್ಲಿ, 29 ಅಥವಾ 30ರ ಹೊತ್ತಿಗೆ, ನಡುಹಗಲಿನಲ್ಲಿ ಕೋಲಿನ ನೆರಳು ಇಲ್ಲವೇ ಇಲ್ಲವೆನ್ನುವಷ್ಟಾಗುತ್ತದೆ. ಸೂರ್ಯ ನೇರ ನೆತ್ತಿಯ ಮೇಲೆ. ಅಲ್ಲಿಂದ ಮುಂದೆ ಮೂರೂವರೆ ತಿಂಗಳು ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕಿರುತ್ತಾನೆ. ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್ 13-14ರ ಸುಮಾರಿಗೆ ಮತ್ತೊಮ್ಮೆ ನೆರಳು ಇಲ್ಲವಾಗುತ್ತದೆ. ಆದರೆ ಆಗ ಮೋಡ ಕವಿದ ಮಳೆಗಾಲವಾದ್ದರಿಂದ ಅದನ್ನು ಗಮನಿಸುವವರು ಕಡಿಮೆ. ಮುಂಗಾರಿಗೂ ಇದಕ್ಕೂ ಸಂಬಂಧವಿದೆ. ಉತ್ತರಾರ್ಧದ ನೆಲ ಹೀಗೆ ಕಾದು, ಸಮುದ್ರದ ತೇವದ ಗಾಳಿಯನ್ನು ಸೆಳೆದುಕೊಳ್ಳುವುದರಿಂದ ಮುಂಗಾರು ಹುಟ್ಟುತ್ತದೆ. ಅಂದರೆ ಮಳೆಗಾಲವನ್ನು ನಿಯಂತ್ರಿಸುವುದು ಭೂಮಿಯ ಓರೆ. ಆಕಾಶದ ನಕ್ಷತ್ರಗಳಿಗೆ ಅದರಲ್ಲಿ ಪಾತ್ರವಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಶಾಸನಗಳತ್ತ ತಿರುಗಬೇಕು.

ಕಲ್ಲಿನ ಮೇಲಿನ ತಾರೀಖು

ಹಾನಗಲ್ಲ, ಅಂದಿನ ಪಾನುಂಗಲ್ಲು, ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ಪಾನುಂಗಲ್ಲು ಐನೂರು ಎಂಬುದು ಆ ನಾಡಿನ ಹೆಸರು. ಕಲ್ಯಾಣದ ಚಾಲುಕ್ಯರು, ಸೇವುಣರು, ಹೊಯ್ಸಳರು ಇದಕ್ಕಾಗಿ ಸೆಣಸಿದ್ದಾರೆ. ಈ ಸೀಮೆಯ ದೇಗುಲ, ಕೆರೆ, ಬಸದಿಗಳ ಬಳಿ ನಿಂತಿರುವ ಶಾಸನಗಳಲ್ಲಿ ದಾನದ ವಿವರಕ್ಕೆ ಮೊದಲು ಕಾಲದ ವಿವರ ಬರುತ್ತದೆ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಅದರ ಜೊತೆಗೆ ಉತ್ತರಾಯಣ ಸಂಕ್ರಮಣ, ಸೂರ್ಯಗ್ರಹಣ, ಸೋಮಗ್ರಹಣ, ವ್ಯತೀಪಾತ ಮುಂತಾದ ಪುಣ್ಯಕಾಲದ ಹೆಸರು. ಇಂಥ ದಿನ ಕೊಟ್ಟ ದಾನಕ್ಕೆ ಫಲ ಹೆಚ್ಚು ಎಂಬ ನಂಬಿಕೆ ಇದಕ್ಕೆ ಕಾರಣ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನ ಶಕ 500ರ ಕಾರ್ತಿಕ ಹುಣ್ಣಿಮೆಯನ್ನು, ಅಂದರೆ ಕ್ರಿ.ಶ. 578ರ ಒಂದು ಹುಣ್ಣಿಮೆಯನ್ನು ಹೆಸರಿಸುತ್ತದೆ.

ಇತಿಹಾಸಕಾರರಿಗೆ ಇದು ದೊಡ್ಡ ವರವಾಯಿತು. ಸೂರ್ಯಗ್ರಹಣ ಅಮಾವಾಸ್ಯೆಯಂದು ಮಾತ್ರ ಆದೀತು. ಚಂದ್ರಗ್ರಹಣ ಹುಣ್ಣಿಮೆಯಂದು ಮಾತ್ರ. ತಿಥಿ, ವಾರ, ಸಂಕ್ರಮಣ ಮೂರೂ ಒಂದೇ ದಿನ ಕೂಡಿಬರುವುದು ಅಪರೂಪ. ಆದ್ದರಿಂದ ಶಾಸನ ಹೇಳುವ ದಿನ ನಿಜವೋ ಅಲ್ಲವೋ ಎಂದು ಗಣಿತದಿಂದ ಪರೀಕ್ಷಿಸಬಹುದು. ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು 1882ರಲ್ಲಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಹೀಗೆ ಅನೇಕ ಶಾಸನಗಳ ಕಾಲವನ್ನು ಒರೆಗೆ ಹಚ್ಚಿದರು. ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ 1896ರಲ್ಲಿ, ಎಲ್.ಡಿ. ಸ್ವಾಮಿಕಣ್ಣು ಪಿಳ್ಳೆ 1922ರಲ್ಲಿ ಈ ಕೆಲಸಕ್ಕೆ ಬೇಕಾದ ಕೋಷ್ಟಕಗಳನ್ನು ಒದಗಿಸಿದರು. ನಂತರದ ಕಾಲದಲ್ಲಿ ಬೆಂಗಳೂರಿನ ನೆಹರು ತಾರಾಲಯದ ಬಿ.ಎಸ್. ಶೈಲಜಾ ಶಾಸನಗಳಲ್ಲಿ ಬರುವ ಗ್ರಹಣ ಮತ್ತಿತರ ಆಕಾಶದ ಘಟನೆಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ್ದಾರೆ.

ಹೀಗೆ ಲೆಕ್ಕ ಹಾಕಿದಾಗ ಒಂದು ಕುತೂಹಲದ ಸಂಗತಿ ಹೊರಬೀಳುತ್ತದೆ. ಹನ್ನೆರಡನೆಯ ಶತಮಾನದ ಶಾಸನಗಳ ಉತ್ತರಾಯಣ ಸಂಕ್ರಮಣ ಆಗಿನ ಜೂಲಿಯನ್ ಕ್ಯಾಲೆಂಡರಿನ ಡಿಸೆಂಬರ್ 24 ಅಥವಾ 25ಕ್ಕೆ ಬೀಳುತ್ತದೆ. ಇಂದಿನ ಕ್ಯಾಲೆಂಡರಿಗೆ ಬದಲಾಯಿಸಿದರೆ ಅದು ಡಿಸೆಂಬರ್ ಕೊನೆ ಅಥವಾ ಜನವರಿ 1. ಅಂದರೆ ಅಂದು ಸಂಕ್ರಾಂತಿಗೂ ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವ ದಿನಕ್ಕೂ ಇದ್ದ ಅಂತರ ಹತ್ತು ದಿನ. ಇಂದು ಅದು 24 ದಿನ. ಇನ್ನೂ ಹಿಂದಕ್ಕೆ, ಬನವಾಸಿಯಲ್ಲಿ ಕದಂಬರು ಆಳುತ್ತಿದ್ದ ನಾಲ್ಕು-ಐದನೆಯ ಶತಮಾನಗಳಿಗೆ ಹೋದರೆ, ಮಕರ ಸಂಕ್ರಾಂತಿಯೂ ಉತ್ತರಾಯಣದ ಆರಂಭವೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಹಬ್ಬಕ್ಕೆ ಉತ್ತರಾಯಣದ ಹೆಸರು ಸುಮ್ಮನೆ ಬಂದದ್ದಲ್ಲ. ಹೆಸರು ನಿಂತಿತು, ದಿನ ಸರಿಯಿತು.

ಬುಗುರಿಯ ಓಲಾಟ

ಈ ಸರಿಯುವಿಕೆಗೆ ಕಾರಣ ಭೂಮಿಯ ಮೂರನೆಯ ಚಲನೆ. ವೇಗವಾಗಿ ತಿರುಗುವ ಬುಗುರಿಯ ಮೊನೆ ನೆಲದಲ್ಲಿ ನಿಂತಿದ್ದರೂ ಅದರ ತಲೆ ನಿಧಾನವಾಗಿ ಒಂದು ಸುತ್ತು ಹಾಕುತ್ತಿರುತ್ತದೆ. ಭೂಮಿಯ ಅಕ್ಷವೂ ಹಾಗೆಯೇ ಓಲಾಡುತ್ತದೆ. ಒಂದು ಓಲಾಟ ಮುಗಿಯಲು ಬೇಕಾಗುವ ಕಾಲ ಸುಮಾರು 25,800 ವರ್ಷ. ಭೂಮಿ ಪೂರ್ಣ ಗೋಳವಲ್ಲ. ಧ್ರುವದ ತ್ರಿಜ್ಯಕ್ಕಿಂತ ಸಮಭಾಜಕದ ತ್ರಿಜ್ಯ 21 ಕಿ.ಮೀ. ಹೆಚ್ಚು. ನಡುವಿನ ಈ ಉಬ್ಬನ್ನು ಚಂದ್ರ ಮತ್ತು ಸೂರ್ಯ ಓರೆಯಾಗಿ ಎಳೆಯುವುದರಿಂದ ಓಲಾಟ ಉಂಟಾಗುತ್ತದೆ.

ಪರಿಣಾಮವಾಗಿ ವರ್ಷಗಳು ಎರಡು ಬಗೆಯವಾದವು. ಋತುಗಳ ಚಕ್ರ ಒಮ್ಮೆ ಮುಗಿದು ಮತ್ತೆ ಅಲ್ಲಿಗೇ ಬರುವುದು ಒಂದು ವರ್ಷ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬಂದಂತೆ ಕಾಣುವುದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ 20 ನಿಮಿಷದಷ್ಟು ಉದ್ದ. ಸಂಕ್ರಾಂತಿ ನಕ್ಷತ್ರಗಳ ವರ್ಷವನ್ನು ಅನುಸರಿಸುತ್ತದೆ. ಚಳಿ, ಸೆಕೆ, ಮಳೆ ಋತುಗಳ ವರ್ಷವನ್ನು ಅನುಸರಿಸುತ್ತವೆ. ವರ್ಷಕ್ಕೆ 20 ನಿಮಿಷ ಏನೂ ಅಲ್ಲ. ಎಪ್ಪತ್ತು ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಹಳೆಯ ಸೂರ್ಯಸಿದ್ಧಾಂತದ ವರ್ಷಮಾನ ನಿಜವಾದ ನಾಕ್ಷತ್ರಿಕ ವರ್ಷಕ್ಕಿಂತ ಮೂರೂವರೆ ನಿಮಿಷ ಹೆಚ್ಚಿರುವುದರಿಂದ ಆ ಪದ್ಧತಿಯ ಪಂಚಾಂಗಗಳಲ್ಲಿ ಸರಿಯುವಿಕೆ ಇನ್ನೂ ಸ್ವಲ್ಪ ಬೇಗ.

ಇದನ್ನು ಕಾಣಲು ಶಾಸನಗಳವರೆಗೆ ಹೋಗಬೇಕೆಂದೇನೂ ಇಲ್ಲ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಮಕರ ಸಂಕ್ರಾಂತಿಯಂದು. ಆ ದಿನ ಜನವರಿ 12. ಈಗ ಸಂಕ್ರಾಂತಿ ಬರುವುದು 14ಕ್ಕೆ ಅಥವಾ 15ಕ್ಕೆ. ಹೀಗೇ ಮುಂದುವರಿದರೆ ಇನ್ನು ಸಾವಿರದ ಇನ್ನೂರು ವರ್ಷಗಳ ಸುಮಾರಿಗೆ ಅದು ಫೆಬ್ರವರಿಗೆ ಕಾಲಿಡುತ್ತದೆ.

ಭಾರತದ ಜ್ಯೋತಿರ್ವಿದರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಹತ್ತನೆಯ ಶತಮಾನದ ಮಂಜುಲ ಅಯನಚಲನದ ಲೆಕ್ಕವನ್ನು ಕೊಟ್ಟಿದ್ದಾನೆ. ಪಂಚಾಂಗದಲ್ಲಿ ಬರುವ ಅಯನಾಂಶ ಎಂಬ ಮಾತು ಈ ಅಂತರದ್ದೇ. ಈಗ ಅದು 24 ಅಂಶದಷ್ಟಿದೆ. ಸ್ವಾತಂತ್ರ್ಯಾನಂತರ ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಋತುಗಳಿಗೆ ಹೊಂದುವ ರಾಷ್ಟ್ರೀಯ ಪಂಚಾಂಗ 1957ರ ಮಾರ್ಚ್ 22ರಿಂದ ಜಾರಿಗೆ ಬಂತು. ಸರ್ಕಾರಿ ಗೆಜೆಟ್‌ನಲ್ಲಿ ಅದರ ತಾರೀಖು ಅಚ್ಚಾಗುತ್ತದೆ. ಮನೆಮನೆಯ ಹಬ್ಬಗಳು ಮಾತ್ರ ಹಳೆಯ ದಾರಿಯಲ್ಲೇ ಸಾಗಿವೆ.

ಸರಿದದ್ದು ಒಂದು ಮಳೆ

ಹಬ್ಬ ನಾಲ್ಕು ದಿನ ಹಿಂದೆಮುಂದೆ ಆದರೆ ನಷ್ಟವೇನು ಎಂದು ಕೇಳಬಹುದು. ರೈತನ ಲೆಕ್ಕದಲ್ಲಿ ಅದು ಅಷ್ಟು ಹಗುರವಾದ ಮಾತಲ್ಲ. ಅವನ ಕೈಯಲ್ಲಿ ಎರಡು ಪಂಚಾಂಗಗಳಿವೆ. ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ಸೀಗಿ ಹುಣ್ಣಿಮೆಗಳಿಗೆ ಚಂದ್ರನ ಲೆಕ್ಕ. ಹನ್ನೆರಡು ಚಾಂದ್ರಮಾಸಗಳಿಗೆ 354 ದಿನವಾಗಿ, ಸೂರ್ಯನ ವರ್ಷಕ್ಕೆ 11 ದಿನ ಕಡಿಮೆ ಬೀಳುತ್ತದೆ. ಅದನ್ನು ಸರಿದೂಗಿಸಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ. ಆದರೆ ಬಿತ್ತನೆಗೆ ಹಿಡಿಯುವುದು ಸೂರ್ಯನ ನಕ್ಷತ್ರಗಳನ್ನು. ಅಶ್ವಿನಿಯಿಂದ ಶುರುವಾಗುವ ಮಳೆಗಳಿಗೆ ತಲಾ 13-14 ದಿನ. ಈಗ ರೋಹಿಣಿ ಮೇ 25ರ ಸುಮಾರಿಗೆ, ಮಿರಗ ಜೂನ್ 8ಕ್ಕೆ, ಆರಿದ್ರಾ ಜೂನ್ 22ಕ್ಕೆ ಹೂಡುತ್ತವೆ. ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಎಂದು ಹಿಂಗಾರಿನವರೆಗೆ ಎಣಿಕೆ ಸಾಗುತ್ತದೆ. ಯಾವ ಮಳೆಗೆ ಯಾವ ಬೆಳೆ, ಯಾವುದು ಕೈಕೊಟ್ಟರೆ ಏನು ಗತಿ ಎಂಬುದಕ್ಕೆ ಒಂದೊಂದು ಮಳೆಯ ಮೇಲೂ ಗಾದೆಗಳಿವೆ.

ಈ ನಕ್ಷತ್ರಗಳೂ ಸಂಕ್ರಾಂತಿಯಂತೆಯೇ ಋತುಗಳಿಂದ ಜಾರುತ್ತಿವೆ. ಒಂದು ನಕ್ಷತ್ರದ ಪಾಲು 13 ಅಂಶ 20 ಕಲೆ. ಅಷ್ಟು ಜಾರಲು ಬೇಕಾಗುವ ಕಾಲ ಸುಮಾರು 955 ವರ್ಷ. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆನಿಸಿದ ಜಾತಕತಿಲಕವನ್ನು ನರಗುಂದದ ಶ್ರೀಧರಾಚಾರ್ಯ ಬರೆದದ್ದು 1049ರಲ್ಲಿ. ಅವನ ಕಾಲದಿಂದ ಇಂದಿಗೆ ಸರಿಯಾಗಿ ಒಂದು ನಕ್ಷತ್ರದಷ್ಟು ಕಾಲ ಕಳೆದಿದೆ. ಅಂದರೆ ಅಂದು ಆರಿದ್ರಾ ಹೂಡುತ್ತಿದ್ದ ಋತುಮಾನಕ್ಕೆ ಇಂದು ಹೂಡುವುದು ಮಿರಗ. ಅಂದು ಮಿರಗ ಇದ್ದಲ್ಲಿ ಇಂದು ರೋಹಿಣಿ. ಹಾನಗಲ್ಲ ಕದಂಬರ ಕಾಲದ ಒಕ್ಕಲಿಗನೊಬ್ಬ ಆರಿದ್ರಾ ಮಳೆಯ ಬಗ್ಗೆ ಕಟ್ಟಿದ ಮಾತು ಬಾಯಿಂದ ಬಾಯಿಗೆ ಇಂದಿನವರೆಗೂ ಉಳಿದಿದ್ದರೆ, ಅದು ಈಗ ಹೊಂದಬೇಕಾದದ್ದು ಮಿರಗದ ಮಳೆಗೆ.

ಹಾಗೆಂದು ಗಾದೆಗಳೆಲ್ಲ ಸುಳ್ಳಾದವು ಎಂದಲ್ಲ. ಒಂದು ತಲೆಮಾರಿನಲ್ಲಿ ಈ ವ್ಯತ್ಯಾಸ ಅರ್ಧ ದಿನವನ್ನೂ ಮುಟ್ಟುವುದಿಲ್ಲ. ಮುಂಗಾರು ವರ್ಷದಿಂದ ವರ್ಷಕ್ಕೆ ವಾರಗಟ್ಟಲೆ ಹಿಂದೆಮುಂದೆ ಆಗುವುದು ಮಾಮೂಲು. ರೈತರು ಅನುಭವಕ್ಕೆ ತಕ್ಕಂತೆ ಮಾತನ್ನು ತಿದ್ದಿಕೊಂಡೇ ಬಂದಿರಬೇಕು. ಆದರೆ ಮಳೆ ನಕ್ಷತ್ರವನ್ನು ನೋಡಿ ಬರುತ್ತದೆ ಎಂದು ತಿಳಿಯುವುದು ಸರಿಯಲ್ಲ. ಅದು ಭೂಮಿಯ ಓರೆಯನ್ನು ನೋಡಿ ಬರುತ್ತದೆ. ನಕ್ಷತ್ರ ಆ ಹೊತ್ತಿಗೆ ಆಕಾಶದಲ್ಲಿದ್ದ ಗುರುತು ಮಾತ್ರ. ಗುರುತು ಕದಲಿದರೂ ಹೆಸರು ಕದಲದಿದ್ದರೆ ಗೊಂದಲ ತಪ್ಪಿದ್ದಲ್ಲ.

ಕೆರೆಗೇಕೆ ಉಬ್ಬರವಿಲ್ಲ?

ಅಕ್ಷವನ್ನು ಓಲಾಡಿಸುವ ಅದೇ ಚಂದ್ರ-ಸೂರ್ಯರ ಸೆಳೆತ ಸಮುದ್ರದಲ್ಲಿ ಉಬ್ಬರ-ಇಳಿತಗಳನ್ನೂ ಉಂಟುಮಾಡುತ್ತದೆ. ತಿಳವಳ್ಳಿಯಿಂದ ಗೆರೆ ಎಳೆದಂತೆ ಅಳೆದರೆ ಅರಬ್ಬಿ ಸಮುದ್ರ ನೂರು ಕಿ.ಮೀ. ಒಳಗೇ ಇದೆ. ಆದರೂ ಹಾನಗಲ್ಲ ಸೀಮೆಯ ಮಳೆನೀರು ಆ ಕಡೆ ಹೋಗುವುದಿಲ್ಲ. ಘಟ್ಟದ ಏಣು ಅಡ್ಡವಿರುವುದರಿಂದ ಅದು ವರದೆಯನ್ನು ಸೇರಿ, ಗಳಗನಾಥದಲ್ಲಿ ತುಂಗಭದ್ರೆಯೊಡನೆ ಕೂಡಿ, ಕೃಷ್ಣೆಯ ಮೂಲಕ ದೂರದ ಬಂಗಾಳ ಕೊಲ್ಲಿಗೆ ಹೋಗುತ್ತದೆ.

ಘಟ್ಟ ಇಳಿದು ಕುಮಟೆಯ ಬಳಿ ಅಘನಾಶಿನಿಯ ಅಳಿವೆಗೆ ಹೋದರೆ ಉಬ್ಬರದ ಲೆಕ್ಕ ಬದುಕಿನ ಲೆಕ್ಕವೇ ಆಗಿದೆ. ಅಲ್ಲಿನ ಗಜನಿ ಭೂಮಿಯಲ್ಲಿ ಕಟ್ಟೆ ಕಟ್ಟಿ, ತೂಬಿಗೆ ಬಾಗಿಲಿಟ್ಟು, ಉಬ್ಬರದ ಉಪ್ಪುನೀರನ್ನು ತಡೆದು, ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಚಂದ್ರ ತಾನೂ ಮುಂದೆ ಸಾಗುತ್ತಿರುವುದರಿಂದ ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ, ಹಳೆಯ ಲೆಕ್ಕದಲ್ಲಿ ಎರಡು ಗಳಿಗೆ, ತಡವಾಗುತ್ತದೆ. ಅಮಾವಾಸ್ಯೆ-ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿ ದೊಡ್ಡ ಉಬ್ಬರ. ಅಷ್ಟಮಿಯ ಸುಮಾರಿಗೆ ಸಣ್ಣ ಉಬ್ಬರ. ಕರಾವಳಿಯವರಿಗೆ ತಿಥಿ ಎಂದರೆ ನೀರಿನ ವೇಳಾಪಟ್ಟಿಯೂ ಹೌದು.

ಹಾಗಾದರೆ ತಿಳವಳ್ಳಿಯ ಕೆರೆಯ ನೀರನ್ನು ಚಂದ್ರ ಎಳೆಯುವುದಿಲ್ಲವೇ? ಎಳೆಯುತ್ತಾನೆ. ಆದರೆ ಉಬ್ಬರ ಹುಟ್ಟುವುದು ಸೆಳೆತದಿಂದಲ್ಲ, ಸೆಳೆತದ ವ್ಯತ್ಯಾಸದಿಂದ. ಭೂಮಿಯ ಒಂದು ಬದಿ ಚಂದ್ರನಿಗೆ ಇನ್ನೊಂದು ಬದಿಗಿಂತ ಹನ್ನೆರಡು ಸಾವಿರ ಕಿ.ಮೀ.ಗೂ ಹೆಚ್ಚು ಹತ್ತಿರ. ಆ ವ್ಯತ್ಯಾಸ ಸಾಗರವನ್ನು ಎರಡೂ ಬದಿಗೆ ಹಿಗ್ಗಿಸುತ್ತದೆ. ಕೆರೆಯ ಈ ದಡಕ್ಕೂ ಆ ದಡಕ್ಕೂ ಅಂಥ ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಕೆರೆಯನ್ನು ಹೊತ್ತ ಗಟ್ಟಿ ನೆಲವೇ ದಿನಕ್ಕೆ ಎರಡು ಬಾರಿ ಕೆಲವು ಅಂಗುಲಗಳಿಂದ ಹೆಚ್ಚೆಂದರೆ ಒಂದು ಅಡಿಯವರೆಗೆ ಏರಿ ಇಳಿಯುತ್ತದೆ. ಕೆರೆ, ಕಟ್ಟೆ, ಊರು ಎಲ್ಲವೂ ಕೂಡಿಯೇ ಏರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಸೂಕ್ಷ್ಮ ಉಪಕರಣಗಳಿಗೆ ಮಾತ್ರ ಸಿಗುತ್ತದೆ.

ಸಮುದ್ರದ ಈ ಏರಿಳಿತದ ಘರ್ಷಣೆ ಭೂಮಿಯ ತಿರುಗುವಿಕೆಗೆ ತುಸು ತಡೆಯನ್ನೂ ಹಾಕುತ್ತದೆ. ಒಂದು ಶತಮಾನಕ್ಕೆ ದಿನದ ಉದ್ದ ಸೆಕೆಂಡಿನ ಸಾವಿರದ ಎರಡು ಭಾಗದಷ್ಟು ಹೆಚ್ಚುತ್ತದೆ. ವಿಜ್ಞಾನಿಗಳಿಗೆ ಇದು ಖಚಿತವಾದದ್ದು ಬಹುಮಟ್ಟಿಗೆ ಬ್ಯಾಬಿಲೋನ್, ಚೀನಾ ಮುಂತಾದ ಕಡೆ ಹಿಂದಿನವರು ಬರೆದಿಟ್ಟ ಗ್ರಹಣಗಳ ದಾಖಲೆಯಿಂದ. ಭೂಮಿ ಇಂದಿನ ವೇಗದಲ್ಲೇ ಸದಾ ತಿರುಗುತ್ತಿದ್ದರೆ ಆ ಗ್ರಹಣಗಳು ಬೇರೆ ಊರುಗಳಲ್ಲಿ ಕಾಣಬೇಕಿತ್ತು.

ಗ್ರಹಣದ ಮಾತು ಬಂದಾಗ 1980ರ ಫೆಬ್ರವರಿ 16ರ ಶನಿವಾರವನ್ನು ನೆನೆಯಬೇಕು. ಅಂದು ಮಧ್ಯಾಹ್ನ ಮೂರೂವರೆಯ ಅನಂತರ ಪೂರ್ಣ ಸೂರ್ಯಗ್ರಹಣದ ನೆರಳು ಉತ್ತರ ಕನ್ನಡದ ಕರಾವಳಿಯಲ್ಲಿ ನೆಲಮುಟ್ಟಿ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಯಿತು. ಮೂರು ನಿಮಿಷಕ್ಕಿಂತ ಕಡಿಮೆ ಅವಧಿಯ ಆ ಕತ್ತಲನ್ನು ನೋಡಲು ವಿಜ್ಞಾನಿಗಳು ಕರ್ನಾಟಕಕ್ಕೆ ಬಂದರು. ಜನರಲ್ಲಿ ಬಹುಪಾಲು ಬಾಗಿಲು ಹಾಕಿಕೊಂಡು ಮನೆಯೊಳಗೆ ಕುಳಿತರು. ಎಂಟು ಶತಮಾನಗಳ ಹಿಂದೆ ಇದೇ ಸೀಮೆಯವರು ಗ್ರಹಣದ ಹೊತ್ತಿಗೆ ಭೂಮಿ ದಾನ ಕೊಟ್ಟು, ಅದನ್ನು ಕಲ್ಲಿನಲ್ಲಿ ಕೆತ್ತಿಸಿ, ಆಕಾಶದ ಒಂದು ಸಾಕ್ಷ್ಯವನ್ನು ಮುಂದಿನವರಿಗೆ ಬಿಟ್ಟುಹೋಗಿದ್ದರು.

ಆ ಸಾಕ್ಷ್ಯದ ಸ್ಥಿತಿ ಇಂದು ಎಲ್ಲ ಕಡೆ ಒಳ್ಳೆಯದಾಗಿಲ್ಲ. ಅಚ್ಚಾಗಿ ಗ್ರಂಥಗಳಲ್ಲಿ ಸೇರಿದ ಶಾಸನಗಳಿಗೆ ಭಯವಿಲ್ಲ. ಆದರೆ ಗುಡಿಯ ಗೋಡೆಗೆ ಸುಣ್ಣ ಬಳಿಯುವಾಗ, ಕಟ್ಟೆ ದುರಸ್ತಿಗೆ ಚಪ್ಪಡಿ ಹುಡುಕುವಾಗ, ಓದದೆ ಉಳಿದ ಕಲ್ಲುಗಳು ಕರ್ನಾಟಕದ ಹಳ್ಳಿಗಳಲ್ಲಿ ಹಾಳಾಗುತ್ತಲೇ ಬಂದಿವೆ. ರಾಜನ ಹೆಸರು, ಬಿರುದುಗಳು ಬೇರೆ ಶಾಸನಗಳಲ್ಲೂ ಸಿಕ್ಕಾವು. ಇಂಥ ವಾರ, ಇಂಥ ತಿಥಿ, ಇಂಥ ಸಂಕ್ರಮಣ ಎಂಬ ಸಾಲು ಒಮ್ಮೆ ಸವೆದರೆ ಆ ದಿನದ ಆಕಾಶವನ್ನು ಅಲ್ಲಿನವರು ಹೇಗೆ ಲೆಕ್ಕ ಹಾಕಿದ್ದರು ಎಂಬುದು ಮತ್ತೆ ಸಿಗುವುದಿಲ್ಲ. ಭೂಮಿಯ ನಿಧಾನದ ಚಲನೆಗಳನ್ನು ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಕಾಣಲಾರ. ಅಂದಿನವರ ದಾಖಲೆಯನ್ನು ಇಂದಿನ ಸೂರ್ಯನ ಪಕ್ಕದಲ್ಲಿಟ್ಟು ನೋಡಿದಾಗಲೇ ಅವು ಬೆಳಕಿಗೆ ಬರುತ್ತವೆ. ಹಾನಗಲ್ಲ ಸೀಮೆಯ ಶಾಲೆಗಳ ಮಕ್ಕಳು ಡಿಸೆಂಬರ್ 22ರಂದು ಒಂದು ಕೋಲಿನ ನಡುಹಗಲಿನ ನೆರಳನ್ನು ಅಳೆದು, ಸಂಕ್ರಾಂತಿಯ ದಿನ ಮತ್ತೊಮ್ಮೆ ಅಳೆದು, ಎರಡರ ಅಂತರವನ್ನು ಊರ ಶಾಸನದ ತಾರೀಖಿನೊಡನೆ ಹೋಲಿಸಿದರೆ, ಕಲ್ಲನ್ನು ಏಕೆ ಉಳಿಸಬೇಕು ಎಂದು ಅವರಿಗೆ ಬೇರೆ ಯಾರೂ ಹೇಳಬೇಕಾಗುವುದಿಲ್ಲ.